ಆಯಾ ಮಾತು ನಿಲ್ಲಿಸಿದ ವರ್ಷ

ಸುದ್ದಗುಂಟೆಪಾಳ್ಯದ ನಮ್ಮ ಮನೆ ರೈಲು ಡಬ್ಬಿಯ ಹಾಗಿತ್ತು. ಒಂದರ ಹಿಂದೆ ಒಂದು ಮೂರು ಕೋಣೆ, ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ. ಮುಂದಿನ ಕೋಣೆಯಲ್ಲಿ ಅಪ್ಪನ ಬೆತ್ತದ ಕುರ್ಚಿ, ಟೀವಿ ಮತ್ತು ಕಿಟಕಿಯ ಕೆಳಗೆ ಆಯಾಳ ಹಗ್ಗದ ಮಂಚ. ನಡುಮನೆಯಲ್ಲಿ ನಾವು ಮಲಗುತ್ತಿದ್ದೆವು. ಕೊನೆಯದು ಅಡುಗೆಮನೆ, ಅದರಾಚೆ ಬಚ್ಚಲು, ಒಗೆಯುವ ಕಲ್ಲು, ನಲ್ಲಿ. ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ರಸ್ತೆಯಲ್ಲಿ ಹೋಗುವವರಿಗೆ ಕೇಳಿಸುತ್ತಿತ್ತು. ರಸ್ತೆಯಲ್ಲಿ ಸೊಪ್ಪಿನವಳು ಕೂಗಿದರೆ ಅಮ್ಮ ಒಲೆಯ ಮುಂದಿನಿಂದಲೇ ಬೆಲೆ ಕೇಳುತ್ತಿದ್ದಳು. ಗುಟ್ಟು ಎಂಬುದನ್ನು ಇಟ್ಟುಕೊಳ್ಳಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ. ನನಗೆ ಹತ್ತು ವರ್ಷ ಆಗುವವರೆಗೆ ನಮ್ಮಲ್ಲಿ ಗುಟ್ಟು ಅಂತ ಒಂದಿದೆ ಎಂದೂ ಯಾರಿಗೂ ಅನ್ನಿಸಿರಲಿಲ್ಲ.

ಆಯಾ ಎಂದರೆ ಅಮ್ಮನ ಅಮ್ಮ. ಅಮ್ಮನ ಊರು ಹೊಸೂರಿನ ಆಚೆ. ಆ ಕಡೆಯವರು ಅಜ್ಜಿಯನ್ನು ಕರೆಯುವುದು ಹಾಗೆ. ಶಾಲೆಯಲ್ಲಿ ನಾನು ಆಯಾ ಎಂದರೆ ಗೆಳತಿಯರು ನಮ್ಮ ಮನೆಯಲ್ಲಿ ಕೆಲಸದವಳಿದ್ದಾಳೆ ಎಂದುಕೊಂಡು, ನಾವು ಶ್ರೀಮಂತರಿರಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ಆಯಾಗೆ ಕಿವಿ ಮಂದ. ಕಿವಿ ಮಂದವಾದವರೆಲ್ಲ ಮಾಡುವಂತೆ, ಲೋಕಕ್ಕೇ ಕಿವಿ ಕೇಳಿಸುವುದಿಲ್ಲ ಎಂದು ತಿಳಿದು ಜೋರಾಗಿ ಮಾತಾಡುತ್ತಿದ್ದಳು. ಮಾತಾಡುತ್ತಿದ್ದದ್ದು ತಮಿಳು ಒಂದೇ. ಬೆಳಿಗ್ಗೆ ಎದ್ದು ಎಲೆ ಅಡಿಕೆ ಕುಟ್ಟುತ್ತಾ, ಕಿಟಕಿಯಲ್ಲಿ ಕಾಣುವ ಹಾಲಿನವನು, ನಾಯಿ, ಶಾಲೆಗೆ ತಡವಾಗಿ ಓಡುವ ಮಕ್ಕಳು, ಎಲ್ಲರ ಮೇಲೂ ಒಂದೊಂದು ಅಭಿಪ್ರಾಯ ಹೇಳುತ್ತಿದ್ದಳು. ಬೀದಿಯವರಿಗೆ ಅದು ಅಭ್ಯಾಸವಾಗಿತ್ತು. ಅರ್ಥವಾಗದವರೂ ತಲೆಯಾಡಿಸಿ ಹೋಗುತ್ತಿದ್ದರು.

ನಮ್ಮ ಮನೆಯಲ್ಲಿ ಭಾಷೆಗಳಿಗೆ ತಂತಮ್ಮದೇ ಕೆಲಸಗಳಿದ್ದವು. ಅಪ್ಪನ ಜೊತೆಗಿನ ಮಾತು, ಶಾಲೆಯ ಪಾಠ, ದೇವರು, ಜ್ವರದ ಔಷಧಿ ಎಲ್ಲ ಕನ್ನಡದಲ್ಲಿ. ಊಟ, ತಲೆ ಬಾಚುವುದು, ಬೈಗುಳ, ಆಮೇಲೆ ಬೈದದ್ದಕ್ಕೆ ಸಮಾಧಾನ ಮಾಡುವುದು ತಮಿಳಿನಲ್ಲಿ. ಅಮ್ಮ ಆಯಾಳ ಜೊತೆ ಮಾತಿಗಿಳಿದರೆ ಅವಳ ದನಿಯೇ ಬದಲಾಗುತ್ತಿತ್ತು. ಸ್ವಲ್ಪ ಒರಟಾಗಿ, ಸ್ವಲ್ಪ ಚಿಕ್ಕ ಹುಡುಗಿಯ ಹಾಗೆ. ಇಬ್ಬರೂ ದಿನಕ್ಕೊಮ್ಮೆಯಾದರೂ ಜಗಳವಾಡುತ್ತಿದ್ದರು. ಸಾರಿಗೆ ಹುಣಿಸೆ ಹೆಚ್ಚಾಯಿತು ಎಂದು, ಮಂಜುವಿಗೆ ಸ್ವೆಟರ್ ಹಾಕಿಲ್ಲ ಎಂದು. ಮಂಜು ನನ್ನ ತಮ್ಮ, ಆಗಷ್ಟೇ ಮಾತು ಕಲಿಯುತ್ತಿದ್ದ. ಆ ಜಗಳದ ಸದ್ದಿನಲ್ಲೇ ನಾನು ಹೋಂವರ್ಕ್ ಮಾಡುತ್ತಿದ್ದೆ. ಅದು ನಿಂತರೆ ಏನೋ ಕೆಟ್ಟಿದೆ ಎಂದು ತಲೆಯೆತ್ತುತ್ತಿದ್ದೆ.

ಅಪ್ಪನಿಗೆ ತಮಿಳು ಬರುತ್ತಿತ್ತು ಎನ್ನುವುದನ್ನು ಇಲ್ಲಿಯೇ ಹೇಳಬೇಕು. ಬರುವುದೇನು, ನಮಗಿಂತ ಚೆನ್ನಾಗಿ ಬರುತ್ತಿತ್ತು. ಅವರು ಜಯನಗರ ನಾಲ್ಕನೇ ಬ್ಲಾಕಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗದ್ದಿಗೆಯ ಮೇಲೆ ಕೂತು ಸೀರೆ ಬಿಚ್ಚಿ ಹರಡುತ್ತಾ, ಬಂದವರ ಮುಖ ನೋಡಿಯೇ ಯಾವ ಭಾಷೆ ಎಂದು ಊಹಿಸಿ, ತೆಲುಗಿನವರಿಗೆ ತೆಲುಗು, ಮಾರವಾಡಿಗಳಿಗೆ ಹಿಂದಿ, ತಮಿಳರಿಗೆ ತಮಿಳು ಮಾತಾಡುತ್ತಿದ್ದರು. ಒಮ್ಮೆ ಅಮ್ಮನ ಜೊತೆ ಅಂಗಡಿಗೆ ಹೋದಾಗ ಅವರು ಯಾರೋ ಹೆಂಗಸಿಗೆ, ಈ ಬಣ್ಣ ನಿಮಗೆಂದೇ ನೇಯ್ದದ್ದು ಎಂದು ತಮಿಳಿನಲ್ಲಿ ಹೇಳುವುದನ್ನು ಕೇಳಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಮನೆಯಲ್ಲಿ ಮಾತ್ರ ಅವರು ಅದನ್ನು ಆಡುತ್ತಿರಲಿಲ್ಲ. ಅಂಗಡಿಯ ಮಾತು ಅಂಗಡಿಗೆ ಎನ್ನುತ್ತಿದ್ದರು. ನವೆಂಬರ್ ಬಂದರೆ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಅವರೇ ಕಾರ್ಯದರ್ಶಿ. ಧ್ವಜ ಏರಿಸಿ, ಮೈಕ್ ಹಿಡಿದು ಒಳ್ಳೆಯ ಭಾಷಣ ಮಾಡುತ್ತಿದ್ದರು. ಆಯಾ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಒಂದಕ್ಷರ ಕೇಳಿಸದಿದ್ದರೂ, ಅಳಿಯ ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಇದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ನನಗೆ ಹತ್ತು ತುಂಬಿದ ಆ ವರ್ಷ ಕಾವೇರಿ ನೀರಿನ ಗಲಾಟೆ ಶುರುವಾಯಿತು. ಟ್ರಿಬ್ಯುನಲ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆಗಲೇ. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಗೊಣಗುತ್ತಿದ್ದರು. ಶಾಲೆಗೆ ಆಗಾಗ ರಜಾ. ಒಂದು ದಿನ ಮಹಡಿಯ ಮೇಲಿನಿಂದ ಹೊಸೂರು ರಸ್ತೆಯ ಕಡೆ ಕಪ್ಪು ಹೊಗೆ ಕಂಡಿತು. ತಮಿಳುನಾಡಿನ ನಂಬರ್ ಪ್ಲೇಟಿನ ಲಾರಿ ಎಂದರು. ಮಾರನೆಯ ದಿನ ಮೇನ್ ರೋಡಿನಲ್ಲಿ ಇಸ್ತ್ರಿ ಮಾಡುತ್ತಿದ್ದ ತಮಿಳಿನವನ ಗಾಡಿ ಸುಟ್ಟು ಬರೀ ಕಬ್ಬಿಣದ ಚೌಕಟ್ಟಾಗಿ ನಿಂತಿತ್ತು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೋ ಹೋಗಿದ್ದ. ನನ್ನ ಯೂನಿಫಾರಂ ಅವನ ಬಳಿಯೇ ಇತ್ತು. ಅದು ಸುಟ್ಟು ಹೋಗಿರಬೇಕೆಂದು ನಾನು ಅಂದರೆ ಅಮ್ಮ ಬಾಗಿಲು ಹಾಕಿ ಬಂದು, ಮೊದಲ ಸಲ ನನ್ನನ್ನು ಕನ್ನಡದಲ್ಲಿ ಗದರಿದಳು.

"ಸುಮ್ನಿರು ಶಶಿ. ಯೂನಿಫಾರಂ ಹೋದ್ರೆ ಹೋಯ್ತು."

ಇದರಲ್ಲಿ ನನಗೆ ಇವತ್ತಿಗೂ ತಲೆ ಕೆಡಿಸುವ ಒಂದು ವಿಷಯವಿದೆ. ಆಯಾಳ ಊರಿಗೆ ಕಾವೇರಿ ನೀರು ಬರುತ್ತಿರಲಿಲ್ಲ. ಅಲ್ಲಿದ್ದದ್ದು ಒಂದು ಬಾವಿ, ಆಮೇಲೆ ಒಂದು ಕೈಪಂಪು. ಅಪ್ಪನ ಊರು ಆನೇಕಲ್ಲಿನ ಹತ್ತಿರ, ಅಲ್ಲಿಯೂ ಕೆರೆಯ ನೀರು. ಆಯಾ ತನ್ನ ಜೀವಮಾನದಲ್ಲಿ ಕಾವೇರಿ ಕುಡಿದದ್ದು ನಮ್ಮ ಮನೆಯ ಹಿತ್ತಲ ನಲ್ಲಿಯಿಂದ ಮಾತ್ರ. ನೀರು ಬರುವ ದಿನ ಎಲ್ಲರಿಗಿಂತ ಮೊದಲು ಎದ್ದು ಕೊಳಗ, ಬಿಂದಿಗೆ, ಬಕೆಟ್ಟು ಸಾಲಾಗಿ ಇಟ್ಟು ಕಾಯುತ್ತಿದ್ದವಳು ಅವಳೇ. ನಮ್ಮ ನೀರು, ಅವರ ನೀರು ಎಂದು ಟೀವಿಯಲ್ಲಿ ಯಾರಾದರೂ ಹೇಳಿದಾಗಲೆಲ್ಲ ನನಗೆ ಕಾಣಿಸುತ್ತಿದ್ದದ್ದು ಆ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಆಯಾ. ಅವಳು ಯಾರ ನೀರು ಹಿಡಿಯುತ್ತಿದ್ದಳು ಎಂದು ಕೇಳಿದರೆ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅಪ್ಪ ಕೆಟ್ಟವರಲ್ಲ. ಇದನ್ನು ಬರೆಯುವಾಗಲೂ ನನಗೆ ರೇಗುತ್ತದೆ, ಏಕೆಂದರೆ ಕೆಟ್ಟವರಾಗಿದ್ದರೆ ಹೇಳುವುದು ಸುಲಭವಿತ್ತು. ಅವರಿಗೆ ಹೆದರಿಕೆ. ಅಂಗಡಿಯ ಬೋರ್ಡಿನ ಮೂಲೆಯಲ್ಲಿದ್ದ ತಮಿಳು ಅಕ್ಷರಗಳಿಗೆ ಅವರೇ ಏಣಿ ಹತ್ತಿ ಟಾರು ಬಳಿದು ಬಂದಿದ್ದರು. ಅಂಗಿಯ ತೋಳಿನ ಮೇಲೆ ಕಲೆ ಹಾಗೇ ಇತ್ತು. ಅಂದು ಊಟಕ್ಕೆ ಕೂತಾಗ ಅವರು ತಟ್ಟೆ ನೋಡಿಕೊಂಡೇ ಮಾತು ತೆಗೆದರು.

"ನೋಡು ವಳ್ಳಿ, ಸ್ವಲ್ಪ ದಿನ. ಮನೇಲಿ ತಮಿಳು ಬೇಡ. ನಿಮ್ಮಮ್ಮನಿಗೂ ಹೇಳು."

"ಅವಳಿಗೆ ಬೇರೆ ಏನು ಬರುತ್ತೆ?" ಎಂದಳು ಅಮ್ಮ.

"ಬರದಿದ್ರೆ ಸುಮ್ನಿರ್ಲಿ. ಸ್ವಲ್ಪ ದಿನ ಅಂದ್ನಲ್ಲ."

"ಅವಳ ಕಿವಿಗೆ ಕೇಳೋ ಹಾಗೆ ಇದನ್ನ ನಾನು ಹೇಗೆ ಹೇಳ್ಲಿ? ಕೂಗಿ ಹೇಳ್ಬೇಕು. ಯಾವ ಭಾಷೇಲಿ ಕೂಗ್ಲಿ?"

ಅಪ್ಪ ಮೊಸರು ಕಲೆಸಿಕೊಂಡರು. ಮರುದಿನ ಬೆಳಿಗ್ಗೆ ಆಯಾಳ ಮಂಚವನ್ನು ಮುಂದಿನ ಕೋಣೆಯ ಕಿಟಕಿಯಿಂದ ಎತ್ತಿ ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಹಾಕಿದರು. ಅಕ್ಕಿ ಮೂಟೆ, ಹಳೆಯ ಟ್ರಂಕು, ಸೌದೆ ಇಡುತ್ತಿದ್ದ ಜಾಗ. ಚಳಿಗೆ ಬೆಚ್ಚಗಿರುತ್ತದೆ ಎಂದು ಆಯಾಗೆ ಸನ್ನೆ ಮಾಡಿ ತೋರಿಸಿದರು. ಅವಳು ನಂಬಿದಳು. ಅಳಿಯನಿಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದು ಅಂದು ಪೂರ್ತಿ ದಿನ ಜೋರಾಗಿ ತಮಿಳಿನಲ್ಲಿ ಹೊಗಳಿದಳು.

ನಮಗೂ ಆಜ್ಞೆಯಾಯಿತು. ಆಯಾ ಎನ್ನಬಾರದು, ಅಜ್ಜಿ ಎನ್ನಬೇಕು. ಅಮ್ಮನನ್ನು ಅಪ್ಪ ಬೇರೆಯವರ ಮುಂದೆ ವಳ್ಳಿ ಎಂಬ ತಮಿಳು ಹೆಸರಿನಿಂದ ಕರೆಯುವುದನ್ನು ಬಿಟ್ಟು ಶಶಿ ಅಮ್ಮ ಎನ್ನತೊಡಗಿದರು. ನಾನು ಉಗ್ರಾಣದ ಬಾಗಿಲಲ್ಲಿ ನಿಂತು ಅಜ್ಜಿ ಎಂದರೆ ಆಯಾ ತಿರುಗುತ್ತಲೇ ಇರಲಿಲ್ಲ. ಒಂದು, ಕೇಳಿಸುತ್ತಿರಲಿಲ್ಲ, ಇನ್ನೊಂದು, ಅದು ಅವಳ ಹೆಸರಲ್ಲ. ಮಂಜು ಆಗ ಎರಡೆರಡು ಪದ ಜೋಡಿಸುತ್ತಿದ್ದ. ತಣ್ಣಿ ಎಂದು ನೀರು ಕೇಳಿದರೆ ಅಪ್ಪ, ನೀರು ಅನ್ನು, ನೀರು, ಎಂದು ಲೋಟವನ್ನು ಮೇಲೆ ಹಿಡಿದು ನಿಲ್ಲುತ್ತಿದ್ದರು. ಮಗು ಅತ್ತು, ಕಡೆಗೆ ನೀರು ಎಂದು ಹೇಳಿ ಕುಡಿಯುತ್ತಿತ್ತು. ಅಮ್ಮ ಒಲೆಯ ಕಡೆ ತಿರುಗಿಕೊಂಡಿರುತ್ತಿದ್ದಳು.

ಆ ದಿನಗಳಲ್ಲಿ ಆಯಾಳ ಪಕ್ಕ ಕೂರುತ್ತಿದ್ದವಳು ಮಹಡಿಯ ಮೇಲಿನ ನಮ್ಮ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದ ಮಹಾದೇವಿ. ವಿಜಾಪುರದ ಕಡೆಯವಳು, ಮದುವೆಯಾಗಿ ಹೊಸದಾಗಿ ಬೆಂಗಳೂರಿಗೆ ಬಂದವಳು. ಗಂಡ ಯಾವುದೋ ಆಫೀಸಿನಲ್ಲಿ ಟೈಪಿಸ್ಟ್. ಅವಳ ಕನ್ನಡವನ್ನು ಕೇಳಿ ಅಂಗಡಿಯವರು ನಗುತ್ತಾರೆಂದು ಅವಳು ಹೊರಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆಯಾಳ ಹತ್ತಿರ ಮಾತ್ರ ಧಾರಾಳ. ಅವಳು ಅವಳ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ, ಜೋಳದ ರೊಟ್ಟಿ ಮುರಿದುಕೊಂಡು, ಇಬ್ಬರೂ ತಮ್ಮತಮ್ಮ ಊರಿನ ವಿಷಯ ಹೇಳಿಕೊಳ್ಳುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಎಷ್ಟು ತಿಳಿಯುತ್ತಿತ್ತೋ. ಒಂದು ಸಂಜೆ ಅಪ್ಪ ಕೆಲಸದಿಂದ ಬಂದವರೇ, ಉಗ್ರಾಣದಿಂದ ಆಯಾಳ ದನಿ ಮುಂದಿನ ಕೋಣೆಗೆ ಬರುತ್ತಿರುವುದನ್ನು ಕೇಳಿ, ಮಹಾದೇವಿಗೆ ಹೇಳಿದರು.

"ಸ್ವಲ್ಪ ಮೆಲ್ಲಗೆ ಮಾತಾಡ್ಸಮ್ಮ. ಕಾಲ ಸರಿ ಇಲ್ಲ."

ಅವಳು ರೊಟ್ಟಿಯ ತಟ್ಟೆ ಕೆಳಗಿಟ್ಟು ಎದ್ದು ನಿಂತಳು. ಬಾಡಿಗೆಗಿರುವವಳು ಮಾಲೀಕನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಮುದುಕಿ ಬಾಯಿ ಕಟ್ಟಿಹಾಕಿದ್ರ ನೀರು ಬರ್ತೈತೇನ್ರೀ ಅಣ್ಣಾರ?"

"ನಿಂಗೆ ಗೊತ್ತಾಗಲ್ಲ ಬಿಡು. ನೀನು ಹೊಸಬಳು."

"ಹೌದ್ರೀ, ಹೊಸಬಾಕಿ. ನನ್ನ ಮಾತಿಗೂ ಈ ಓಣ್ಯಾಗ ನಗ್ತಾರ. ನಾಳೆ ನನಗೂ ಸುಮ್ಮಕಿರು ಅಂತೀರೇನು?"

ಅಪ್ಪ ನಗಲು ನೋಡಿದರು, ಆಗಲಿಲ್ಲ. ಒಳಗೆ ಹೋಗಿ ಕೈಕಾಲು ತೊಳೆದರು. ನಾನು ಆಗ ಮಹಾದೇವಿಯ ಮಾತಿನಿಂದ ಏನಾದರೂ ಬದಲಾಗುತ್ತದೆ ಎಂದು ಕಾದೆ. ಏನೂ ಬದಲಾಗಲಿಲ್ಲ. ಉಗ್ರಾಣಕ್ಕೆ ಒಂದು ದಪ್ಪ ಪರದೆ ಬಂತು, ಅಷ್ಟೇ.

ಆಮೇಲೆ ಬಂದದ್ದು ಒಂದು ಭಾನುವಾರ. ಅಂಗಡಿ ಮುಚ್ಚಿತ್ತು, ಅಪ್ಪ ಮನೆಯಲ್ಲಿದ್ದರು. ಇಳಿಹೊತ್ತಿನಲ್ಲಿ ಹುಡುಗರ ಒಂದು ಗುಂಪು ಮನೆಮನೆಗೂ ಬಂದು ಬಾಗಿಲಿಗೆ ಬಾವುಟ ಕಟ್ಟಿ, ಮರುದಿನದ ಮೆರವಣಿಗೆಗೆ ಕರೆಯುತ್ತಿತ್ತು. ಮುಂದೆ ಇದ್ದವನು ಕುಮಾರ. ನಮ್ಮ ಬೀದಿಯ ಕೊನೆಯ ಮನೆಯವನು. ರಾಜ್ಯೋತ್ಸವಕ್ಕೆ ಅಪ್ಪನ ಜೊತೆ ಕುರ್ಚಿ ಹೊರುತ್ತಿದ್ದವನು, ಆಯಾ ಕರಿದ ಮುರುಕ್ಕನ್ನು ಜೇಬಿನಲ್ಲಿ ತುಂಬಿಕೊಂಡು ಹೋಗುತ್ತಿದ್ದವನು. ಅವನ ಹಿಂದೆ ನಿಂತವರು ಯಾರೂ ನಮ್ಮ ಬೀದಿಯವರಲ್ಲ. ಒಬ್ಬನ ಕೈಯಲ್ಲಿ ದೊಣ್ಣೆ ಇತ್ತು. ಅದಕ್ಕೆ ಬಾವುಟ ಕಟ್ಟಿದ್ದರೋ ಅಥವಾ ಬಾವುಟಕ್ಕೆಂದು ದೊಣ್ಣೆ ತಂದಿದ್ದರೋ ಹೇಳಲಾಗದು. ಅಪ್ಪ ಬಾಗಿಲಲ್ಲಿ ನಿಂತು ನಗುನಗುತ್ತಲೇ ಮಾತಾಡುತ್ತಿದ್ದರು. ನಾನು ಅವರ ಮೊಣಕೈ ಪಕ್ಕ ನಿಂತಿದ್ದೆ. ಆಗ ಹಿಂದಿನಿಂದ, ಮೂರು ಬಾಗಿಲು ಮತ್ತು ಒಂದು ಪರದೆ ದಾಟಿ, ಆಯಾಳ ದನಿ ಬಂತು.

"ಯಾರು ವಂದಿರುಕ್ಕಾಂಗ? ಉಕ್ಕಾರ ಸೊಲ್ಲು. ಕಾಪಿ ಪೋಡು ವಳ್ಳಿ."

ಬಂದವರನ್ನು ಕೂರಿಸು, ಕಾಫಿ ಮಾಡು ಎಂದು ಹೇಳುತ್ತಿದ್ದಳು. ಪರದೆಯ ಸಂದಿಯಿಂದ ಜನ ಕಂಡಿರಬೇಕು. ಬಾಗಿಲಿಗೆ ನಾಲ್ಕು ಜನ ಬಂದರೆ ಅವಳು ಹೇಳುತ್ತಿದ್ದದ್ದೇ ಅದು. ದೊಣ್ಣೆಯವನು ಅಪ್ಪನ ಭುಜದ ಮೇಲಿಂದ ಒಳಗೆ ಇಣುಕಿದ. ಅಪ್ಪನ ಕೈ ಚೌಕಟ್ಟನ್ನು ಹಿಡಿದದ್ದು ನನಗೆ ಕಂಡಿತು. ಕುಮಾರ ಕತ್ತು ತಿರುಗಿಸದೆ, ಅಪ್ಪನ ಮುಖವನ್ನೇ ನೋಡುತ್ತಾ ಕೇಳಿದ.

"ರೇಡಿಯೋನಾ ಸಾರ್?"

ಅಪ್ಪ ಚೌಕಟ್ಟಿನಿಂದ ಕೈ ತೆಗೆದರು.

"ಹೂಂ ಕಣಪ್ಪ. ರೇಡಿಯೋ."

"ಆಫ್ ಮಾಡ್ಬಿಡಿ ಸಾರ್. ಈಗ ಅದೆಲ್ಲ ಬೇಡ."

"ಶಶಿ ಅಮ್ಮ, ಆ ರೇಡಿಯೋ ಆಫ್ ಮಾಡು," ಎಂದರು ಅಪ್ಪ ಗಟ್ಟಿಯಾಗಿ.

ನಾನು ಹಿಂದಕ್ಕೆ ಓಡಿದೆ. ಅಮ್ಮ ಉಗ್ರಾಣದಲ್ಲಿ ಮಂಚದ ಮೇಲೆ ಮೊಣಕಾಲೂರಿದ್ದಳು. ಒಂದು ಕೈ ಆಯಾಳ ತಲೆಯ ಹಿಂದೆ, ಇನ್ನೊಂದು ಅಂಗೈ ಆಯಾಳ ಬಾಯಿಯ ಮೇಲೆ ಅದುಮಿ ಹಿಡಿದಿತ್ತು. ಆಯಾ ಬಿಡಿಸಿಕೊಳ್ಳಲು ನೋಡಲಿಲ್ಲ. ಕಣ್ಣು ಅಗಲ ಮಾಡಿ ಮಗಳ ಮುಖವನ್ನೇ ನೋಡುತ್ತಿದ್ದಳು. ಅಮ್ಮನ ಬೆರಳ ಸಂದಿಯಲ್ಲಿ ಎಲೆ ಅಡಿಕೆಯ ಕೆಂಪು ಇಳಿಯುತ್ತಿತ್ತು. ಹೊರಗೆ ಬಾವುಟ ಕಟ್ಟುವ ಸದ್ದು, ನಗು, ಆಮೇಲೆ ಗೇಟಿನ ಕಿರುಚು, ಪಕ್ಕದ ಮನೆಯ ಬಾಗಿಲು ಬಡಿದ ಸದ್ದು. ಅವರು ಹೋದ ಮೇಲೂ ಅಮ್ಮ ಕೈ ತೆಗೆಯಲಿಲ್ಲ. ಮಂಜು ಬಂದು ಅವಳ ಸೀರೆ ಜಗ್ಗಿದಾಗ ತೆಗೆದಳು.

ಕುಮಾರ ನಮ್ಮನ್ನು ಉಳಿಸಿದ ಎಂದು ಅಪ್ಪ ಮುಂದೆ ಎಷ್ಟೋ ಸಲ ಹೇಳಿದರು. ಅದು ನಿಜ. ಅವನಿಗೆ ಆ ದನಿ ಯಾರದೆಂದು ಚೆನ್ನಾಗಿ ಗೊತ್ತಿತ್ತು, ಅಪ್ಪನಿಗೆ ದಾರಿ ಮಾಡಿಕೊಟ್ಟ. ವರ್ಷಗಳಾದ ಮೇಲೆ, ಮದುವೆ ಮನೆಗಳಲ್ಲಿ, ಅಪ್ಪ ಇದನ್ನೊಂದು ತಮಾಷೆಯ ಕಥೆಯಾಗಿ ಹೇಳಲು ಶುರು ಮಾಡಿದರು. ನಮ್ಮ ಅತ್ತೆಯನ್ನು ರೇಡಿಯೋ ಮಾಡಿಬಿಟ್ಟೆ ನೋಡಿ ಎಂದರೆ ಎಲೆ ಮುಂದೆ ಕೂತವರೆಲ್ಲ ನಗುತ್ತಿದ್ದರು. ಅಮ್ಮ ಅಂಥ ಹೊತ್ತಿನಲ್ಲಿ ಎದ್ದು ಮಜ್ಜಿಗೆ ತರಲು ಹೋಗುತ್ತಿದ್ದಳು. ನಾನು ಒಮ್ಮೆ, ಅದರಲ್ಲಿ ನಗೋದೇನಿದೆ ಎಂದು ಕೇಳಿದೆ. ಈಗಿನ ಮಕ್ಕಳಿಗೆ ಹ್ಯೂಮರ್ ಇಲ್ಲ ಎಂದರು ಅಪ್ಪ. ಅದಕ್ಕೂ ನಕ್ಕರು.

ಅವತ್ತು ಸಂಜೆ ಆಯಾ ಏನೂ ಮಾತಾಡಲಿಲ್ಲ. ಕಾಫಿ ಕೊಟ್ಟರೆ ಕುಡಿದಳು. ಮರುದಿನ ಬೆಳಿಗ್ಗೆ ಎಲೆ ಅಡಿಕೆ ಕುಟ್ಟಲಿಲ್ಲ, ನಲ್ಲಿಯ ಬಳಿ ಹೋಗಲಿಲ್ಲ, ಮಹಾದೇವಿ ಬಂದು ಕೂತರೂ ಗೋಡೆಯ ಕಡೆ ತಿರುಗಿ ಮಲಗಿದಳು. ಈಗ ಮನೆ ಅಪ್ಪ ಕೇಳಿದ ಹಾಗೆಯೇ ಇತ್ತು. ಆ ಮೌನದಲ್ಲಿ ಅಪ್ಪನಿಗೂ ಊಟ ಸೇರುತ್ತಿರಲಿಲ್ಲ. ಹುಷಾರಿಲ್ವಾ, ಡಾಕ್ಟರಿಗೆ ತೋರಿಸೋಣವಾ ಎಂದು ಅಮ್ಮನನ್ನು ಕೇಳಿದರು. ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಅಪ್ಪ ಕೆಲಸಕ್ಕೆ ಹೊರಟ ಮೇಲೆ, ಆಯಾ ತನ್ನ ಸೀರೆಗಳನ್ನು ಗಂಟು ಕಟ್ಟಿಕೊಂಡು ಅಡುಗೆಮನೆಗೆ ಬಂದಳು. ಪಿಸುಮಾತಿನಲ್ಲಿ ಹೇಳಿದಳು. ಅವಳಿಗೆ ಪಿಸುಮಾತು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

"ಎನ್ನ ಮುರುಗೇಸು ವೀಟ್ಲ ವಿಟ್ಟುಡು."

ಮುರುಗೇಶ ಅಮ್ಮನ ಅಣ್ಣ, ನನ್ನ ಮಾವ. ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸ. ಅವನ ಮನೆಗೆ ಬಿಟ್ಟು ಬಾ ಎಂದು ಆಯಾ ಕೇಳುತ್ತಿದ್ದಳು. ಅಮ್ಮ ಬಸ್ಸಿಲ್ಲ, ಗಲಾಟೆ, ಸ್ವಲ್ಪ ದಿನ ತಡಿ ಎಂದು ಕೈಸನ್ನೆ ಮಾಡಿದಳು. ಆಯಾ ಗಂಟು ಹಿಡಿದುಕೊಂಡು ಮುಂಬಾಗಿಲಿಗೆ ಹೋಗಿ ಚಪ್ಪಲಿ ಹಾಕಿಕೊಂಡು ನಿಂತಳು. ಅಮ್ಮ ಒಲೆ ಆರಿಸಿದಳು. ಮಂಜುವನ್ನು ಮಹಾದೇವಿಯ ಕೈಗೆ ಕೊಟ್ಟು ನನ್ನನ್ನು ಕರೆದುಕೊಂಡಳು.

ಮಡಿವಾಳದಲ್ಲಿ ಸಿಕ್ಕ ಬಸ್ಸು ಅತ್ತಿಬೆಲೆಯವರೆಗೆ ಮಾತ್ರ. ಅಲ್ಲಿಂದ ಮುಂದೆ ಈ ಕಡೆಯ ಬಸ್ಸು ಹೋಗುವಂತಿಲ್ಲ, ಆ ಕಡೆಯದು ಬರುವಂತಿಲ್ಲ. ನಡುವಿನ ರಸ್ತೆಯಲ್ಲಿ ಜನ ನಡೆಯುತ್ತಿದ್ದರು. ತಲೆಯ ಮೇಲೆ ಚೀಲ ಹೊತ್ತ ಹೆಂಗಸರು, ಊಟದ ಡಬ್ಬಿ ಹಿಡಿದ ಫ್ಯಾಕ್ಟರಿಯವರು, ಒಬ್ಬ ಮದುವೆಯ ಕಾಗದ ಹಂಚಲು ಹೊರಟವನು. ಎಲ್ಲರೂ ಎರಡೂ ಭಾಷೆ ಬರುವವರು, ಆದ್ದರಿಂದ ಯಾರೂ ಮಾತಾಡುತ್ತಿರಲಿಲ್ಲ. ರಸ್ತೆಯುದ್ದಕ್ಕೂ ಚಪ್ಪಲಿಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಪೊಲೀಸರು ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಬಿಸಿಲಿಗೆ ಆಯಾ ಎರಡು ಕಡೆ ಕೂತಳು. ಅಮ್ಮ ಸೆರಗಿನಿಂದ ಗಾಳಿ ಹಾಕಿದಳು, ಬಾಟಲಿಯಿಂದ ನೀರು ಕುಡಿಸಿದಳು. ಗಡಿ ಎಂದರೆ ಏನೋ ಇರುತ್ತದೆ ಎಂದು ನಾನು ನೋಡುತ್ತಲೇ ನಡೆದೆ. ಒಂದು ಕಡೆ ಡಾಂಬರಿನ ಬಣ್ಣ ಬದಲಾಯಿತು, ಬೋರ್ಡಿನ ಅಕ್ಷರ ಬದಲಾಯಿತು, ಅಷ್ಟೇ. ಎರಡೂ ಬದಿ ಅದೇ ರಾಗಿ ಹೊಲ.

ಜೂಜುವಾಡಿಯ ಚೆಕ್‌ಪೋಸ್ಟ್ ದಾಟಿದ ಮೇಲೆ ಆಯಾ ನಿಂತು, ಹಿಂದೆ ತಿರುಗಿ ನೋಡಿ, ತನ್ನ ಹಳೆಯ ದೊಡ್ಡ ದನಿಯಲ್ಲಿ ಮಾತಾಡತೊಡಗಿದಳು. ಬಿಸಿಲಿನ ಬಗ್ಗೆ, ಮಂಡಿನೋವಿನ ಬಗ್ಗೆ, ಅಮ್ಮ ಉಟ್ಟ ಸೀರೆ ಮಾಸಿದೆ ಎಂಬುದರ ಬಗ್ಗೆ. ನಾನು ಖುಷಿಯಿಂದ ಕುಣಿದೆ. ಅಷ್ಟರಲ್ಲಿ ಫ್ಯಾಕ್ಟರಿಯ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಎದುರು ಬಂದ ಮುರುಗೇಶ ಮಾವನನ್ನು ಕಂಡು ಕೂಗಿದೆ.

"ಮಾವ, ನಾವು ನಡ್ಕೊಂಡೇ ಬಂದ್ವಿ ಗೊತ್ತಾ?"

ಮಾವ ಸೈಕಲ್ ಇಳಿದು, ಸುತ್ತಲೂ ನೋಡಿ, ನನ್ನ ಪಕ್ಕ ಕೂತ. ಅವನು ನನ್ನ ಜೊತೆ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದವನು. ಅವತ್ತು ತಮಿಳಿನಲ್ಲಿ, ಮೆತ್ತಗೆ, ಇಲ್ಲಿ ಕನ್ನಡ ಬೇಡ ಕಂದಾ, ಸ್ವಲ್ಪ ದಿನ, ಎಂದ. ಅಪ್ಪ ಹೇಳಿದ್ದ ಅದೇ ಸ್ವಲ್ಪ ದಿನ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವನ ಮನೆ ಮುಟ್ಟುವವರೆಗೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಆ ರಾತ್ರಿ ಅಲ್ಲೇ ಇದ್ದೆವು. ಮಾವನ ಮಕ್ಕಳು ನನ್ನನ್ನು ಆಟಕ್ಕೆ ಕರೆದರು. ನಾನು ತಮಿಳು ಮಾತಾಡಿದರೆ ನಗುತ್ತಿದ್ದರು, ಕನ್ನಡ ಮಾತಾಡಿದರೆ ಮಾವನ ಹೆಂಡತಿ ಕಿಟಕಿ ಮುಚ್ಚುತ್ತಿದ್ದಳು. ಇಂದಿಗೂ ಫೋನ್ ಬಂದರೆ ಎತ್ತುವ ಮೊದಲು ಅಕ್ಕಪಕ್ಕ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ನನಗಿದೆ. ಎಷ್ಟು ಪ್ರಯತ್ನಪಟ್ಟರೂ ಬಿಡಲು ಆಗಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ ನನ್ನ ದನಿ ತಾನಾಗಿಯೇ ಇಳಿಯುತ್ತದೆ. ಯಾಕೆ ಇಷ್ಟು ಮೆಲ್ಲಗೆ ಮಾತಾಡ್ತೀರಿ ಎಂದು ಕೇಳುವವರಿಗೆ ಸ್ವಭಾವ ಎಂದು ಹೇಳಿ ಸುಮ್ಮನಾಗುತ್ತೇನೆ. ಸ್ವಭಾವವಲ್ಲ ಅದು, ಆ ವರ್ಷ ಕಲಿಸಿದ್ದು.

ಹಿಂದಿರುಗಿದಾಗ ಅಪ್ಪ ಕೂಗಾಡಿದರು. ಹೇಳದೆ ಹೋಗಿದ್ದಕ್ಕೆ, ದಾರಿಯಲ್ಲಿ ಏನಾದರೂ ಆಗಿದ್ದರೆ ಎಂದು. ಅಮ್ಮ ತರಕಾರಿ ಬುಟ್ಟಿ ಎಳೆದುಕೊಂಡು ಕೂತಳು. ಅಪ್ಪ ಕೂಗಿ ಮುಗಿಸಿದ ಮೇಲೆ ಉಗ್ರಾಣಕ್ಕೆ ಹೋಗಿ, ಖಾಲಿ ಮಂಚ ನೋಡಿ, ಹಾಸಿಗೆ ಮಡಚಿಟ್ಟು ಬಂದರು.

ಗಲಾಟೆ ತಣ್ಣಗಾಗಿ ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ, ಅಂಗಡಿಯ ರಜಾ ದಿನ, ಅಪ್ಪ ಆಯಾಳನ್ನು ಕರೆತರಲು ತಾವೇ ಹೊರಟರು. ಅಂಗಡಿಯಿಂದ ಒಂದು ನೂಲಿನ ಸೀರೆ ತಂದಿದ್ದರು, ಆಯಾಗೆ ಇಷ್ಟವಾದ ಅರಿಶಿನ ಬಣ್ಣದ್ದು. ಅಮ್ಮ ಬರಲಿಲ್ಲ. ನಾನು ಹೋದೆ. ಮಾವನ ಮನೆಯ ಜಗಲಿಯ ಮೇಲೆ ಆಯಾ ಕೂತಿದ್ದಳು, ಸ್ವಲ್ಪ ಬಡವಾಗಿದ್ದಳು. ಅಪ್ಪ ಅವಳ ಮುಂದೆ ಕೂತು ಸೀರೆ ಬಿಚ್ಚಿ, ಅವಳ ಕಿವಿಯ ಹತ್ತಿರ ಬಾಗಿ, ತಮಿಳಿನಲ್ಲಿ ಮಾತಾಡಿದರು. ಅಂಗಡಿಯಲ್ಲಿ ಮಾತಾಡುತ್ತಿದ್ದ ಅದೇ ಸೊಗಸಾದ ತಮಿಳು. ಎಲ್ಲ ಸರಿಹೋಯಿತು, ಮನೆಗೆ ಬನ್ನಿ, ಮಂಚ ಮತ್ತೆ ಕಿಟಕಿಯ ಹತ್ತಿರ ಹಾಕಿದ್ದೇನೆ, ಮಕ್ಕಳು ಕೇಳುತ್ತಾರೆ. ಅಷ್ಟು ಚೆನ್ನಾಗಿ, ಅಷ್ಟು ಪ್ರೀತಿಯಿಂದ ಮಾತಾಡಲು ಬರುವವರು ಮನೆಯಲ್ಲಿ ಒಂದು ದಿನವೂ ಯಾಕೆ ಮಾತಾಡಲಿಲ್ಲ ಎಂದು ನನಗೆ ಅಳು ಬಂತು. ಆಯಾ ಸೀರೆಯ ಅಂಚನ್ನು ಬೆರಳಿನಿಂದ ನೋಡಿದಳು. ಮತ್ತೆ ಮಡಚಿ ಅಪ್ಪನ ತೊಡೆಯ ಮೇಲಿಟ್ಟು, ನಿಧಾನವಾಗಿ, ಕನ್ನಡದಲ್ಲಿ ಹೇಳಿದಳು.

"ಒಲ್ಲೆ."

ಅದು ಮಹಾದೇವಿಯ ಕನ್ನಡ. ರೊಟ್ಟಿ ಹೆಚ್ಚಾದಾಗ ಬೇಡ ಎನ್ನಲು ಅವಳಿಂದ ಕಲಿತದ್ದಿರಬೇಕು. ಮಾವ ಕಾಫಿ ತಂದ. ಕುಡಿದು ಎದ್ದೆವು. ಆಯಾ ನನ್ನ ತಲೆ ನೇವರಿಸಿ, ಎಣ್ಣೆ ಹಚ್ಚಿಲ್ಲ ಎಂದು ತಮಿಳಿನಲ್ಲಿ ಬೈದಳು. ಆಮೇಲೂ ಅವಳು ಕೆಲವು ವರ್ಷ ಬದುಕಿದ್ದಳು. ಬೇಸಿಗೆಯಲ್ಲಿ ನಾವು ಹೋಗಿ ಬರುತ್ತಿದ್ದೆವು. ಅವಳು ಮಾತ್ರ ಗಡಿ ದಾಟಿ ಬರಲಿಲ್ಲ.

ಬಸ್ಸಿನಲ್ಲಿ ಅಪ್ಪ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಅತ್ತಿಬೆಲೆ ದಾಟಿದ ಮೇಲೆ, ಆ ಕಡೆಯವರೇ ನಿಮ್ಮಜ್ಜಿಯ ತಲೆ ಕೆಡಿಸಿದ್ದಾರೆ ಎಂದರು. ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ನಮ್ಮ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಮತ್ತೊಂದು ಕಾಯಿ ಕೈಗೆತ್ತಿಕೊಂಡಳು. ಅಪ್ಪ ಸೀರೆಯನ್ನು ಕಪಾಟಿನಲ್ಲಿಟ್ಟು ಬಂದು, ಗೋಡೆಗೆ ಕೈಯೂರಿ ನಿಂತರು.

"ವಳ್ಳಿ, ಈಗ ಏನೂ ಪರವಾಗಿಲ್ಲ. ಮನೇಲಿ ನಿಮ್ಮಿಷ್ಟ ಬಂದ ಹಾಗೆ ಮಾತಾಡ್ಕೊಳಿ. ನಾನೇನೂ ಅನ್ನಲ್ಲ."

ಅಮ್ಮ ಕಾಯಿಯ ನಾರು ಎಳೆದು ಬದಿಗಿಟ್ಟಳು.

"ಯಾರ ಹತ್ರ?" ಎಂದಳು.

ಅಪ್ಪ ಮುಂದಿನ ಕೋಣೆಗೆ ಹೋಗಿ ಟೀವಿ ಹಾಕಿದರು. ನಾನು ಇನ್ನೂ ಅಲ್ಲೇ ನಿಂತಿದ್ದೆ. ನನಗೆ ತಮಿಳು ಬರುತ್ತಿತ್ತು. ಅಮ್ಮನಿಗೆ ಅದು ಗೊತ್ತಿತ್ತು, ಅವಳೇ ಕಲಿಸಿದ್ದು. ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು, ಏನೋ ಹೇಳುತ್ತಾಳೆ ಎಂದು ನಾನು ಕಾದೆ.

"ಹೋಗು, ಕೈಕಾಲು ತೊಳ್ಕೊಂಡು ಓದ್ಕೋ," ಎಂದಳು ಕನ್ನಡದಲ್ಲಿ.